‘ಆರಾಮಾಗಿರಿ’ ಅಂದರೂ ಅತ್ತೆ ಸುಮ್ಮನೆ ಕೂರುವುದಿಲ್ಲ, ಏನು ಮಾಡಲಿ?

ಪ್ರಶ್ನೆ: ನಾವು ಮೈಸೂರಿನ ಕುವೆಂಪುನಗರದಲ್ಲಿದ್ದೇವೆ. ನಾನೂ ಯಜಮಾನರೂ ಕೆಲಸಕ್ಕೆ ಹೋಗುತ್ತೇವೆ. ನನ್ನ ಅತ್ತೆಗೆ ಈಗ 73 ವರ್ಷ. ಪಾಂಡವಪುರದ ಹತ್ತಿರದ ಹಳ್ಳಿಯಲ್ಲಿದ್ದರು. ಮಾವ ತೀರಿಕೊಂಡ ಮೇಲೆ ಅವರೊಬ್ಬರನ್ನೇ ಅಲ್ಲಿ ಬಿಡೋದು ಬೇಡ ಅಂತ ಕರೆದುಕೊಂಡು ಬಂದೆವು. ಮಂಡಿ ನೋವಿದೆ, ಬಿಪಿ ಇದೆ. ಇಲ್ಲಿ ಅಡುಗೆಗೆ, ಪಾತ್ರೆಗೆ ಜನ ಇದ್ದಾರೆ. ಟಿವಿ ಇದೆ, ಹೊಸ ಫೋನ್ ಕೊಡಿಸಿದ್ದೇವೆ. ಪಾರ್ಕಿನ ಯೋಗ ತರಗತಿಗೆ ಸೇರಿಸಿದೆವು, ನಾಲ್ಕು ದಿನ ಹೋಗಿ ಬಿಟ್ಟರು. ಆದರೆ ಬೆಳಗ್ಗೆ ಐದೂವರೆಗೇ ಎದ್ದು ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುತ್ತಾರೆ. ಕೆಲಸದಾಕೆ ತೊಳೆದ ಪಾತ್ರೆಯನ್ನು ಮತ್ತೆ ತೊಳೆಯುತ್ತಾರೆ. ಸೊಪ್ಪು ಬಿಡಿಸಲು ಕೂತರೆ ಗಂಟೆ ಹಿಡಿಯುತ್ತದೆ. ಹಳೇ ಡಬ್ಬಿಗಳಲ್ಲಿ ಅವರೆ, ಸೋರೆ ಬೀಜ ತುಂಬಿಡುತ್ತಾರೆ. ಊರಿನ ಎರಡು ಹಸುಗಳನ್ನು ಚಿಕ್ಕಮಾವನ ಮನೆಗೆ ಕೊಟ್ಟು ಬಂದಿದ್ದೇವೆ. ದಿನಾ ಸಾಯಂಕಾಲ ಅಲ್ಲಿಗೆ ಫೋನ್ ಮಾಡಿ ಹಾಲೆಷ್ಟಾಯ್ತು ಅಂತ ಕೇಳುತ್ತಾರೆ. ‘ಆರಾಮಾಗಿರಿ ಅತ್ತೆ’ ಅಂದರೆ ಮುಖ ಸಣ್ಣ ಮಾಡಿಕೊಳ್ಳುತ್ತಾರೆ. ಮೊನ್ನೆ ‘ನಾನಿಲ್ಲಿ ಯಾಕಿದೀನಿ ಅಂತ್ಲೇ ಗೊತ್ತಾಗ್ತಿಲ್ಲ’ ಅಂದುಬಿಟ್ಟರು. ತುಂಬಾ ಬೇಜಾರಾಯ್ತು. ಅವರ ವಯಸ್ಸಿಗೆ ತಕ್ಕ, ಮನಸ್ಸಿಗೆ ಹಿಡಿಸುವ ಚಟುವಟಿಕೆ ಯಾವುದು ಅಂತ ತಿಳಿಸಿ.

ಉತ್ತರ: ಅತ್ತೆ ಮಾಡುವ ಐದು ಕೆಲಸಗಳನ್ನು ನೀವೇ ಬರೆದಿದ್ದೀರಿ. ರಂಗೋಲಿ, ಪಾತ್ರೆ, ಸೊಪ್ಪು, ಬೀಜ, ಊರಿನ ಹಾಲಿನ ವಿಚಾರಣೆ. ಇವನ್ನು ಮಾಡಿ ಅಂತ ಯಾರೂ ಹೇಳಿಲ್ಲ. ಮಂಡಿ ನೋವಿದ್ದರೂ ಮಾಡುತ್ತಿದ್ದಾರೆ. ನೀವು ಅಕ್ಕರೆಯಿಂದ ಮಾಡಿಕೊಟ್ಟ ಟಿವಿ, ಫೋನು, ಯೋಗ ಮಾತ್ರ ಅವರಿಗೆ ಹಿಡಿಸಲಿಲ್ಲ. ಮನಸ್ಸಿಗೆ ಹಿಡಿಸುವ ಚಟುವಟಿಕೆ ಯಾವುದು ಅಂತ ಕೇಳಿದ್ದೀರಿ, ಅಲ್ವಾ? ಅವರು ಅದನ್ನು ದಿನಾ ನಿಮ್ಮ ಕಣ್ಣೆದುರೇ ತೋರಿಸುತ್ತಿದ್ದಾರೆ.

ನಾನು ಆಕ್ಯುಪೇಶನಲ್ ಥೆರಪಿಸ್ಟ್. ಪಾರ್ಶ್ವವಾಯು ಹೊಡೆದವರು, ಸೊಂಟದ ಮೂಳೆ ಮುರಿದವರು, ಮರೆವು ಶುರುವಾದವರು ಮತ್ತೆ ತಮ್ಮ ದಿನದ ಕೆಲಸ ತಾವೇ ಮಾಡಿಕೊಳ್ಳುವಂತೆ ನೆರವಾಗುವುದು ನಮ್ಮ ಕಸುಬು. ಮೈಸೂರು, ಮಂಡ್ಯದ ಎಷ್ಟೋ ಮನೆಗಳಲ್ಲಿ ನಿಮ್ಮಲ್ಲಿ ಆಗಿರುವುದೇ ಆಗಿರುತ್ತದೆ. ಮಕ್ಕಳು ಪ್ರೀತಿಯಿಂದಲೇ ಹಿರಿಯರ ಕೈಯಿಂದ ಒಂದೊಂದೇ ಕೆಲಸ ತೆಗೆದುಕೊಳ್ಳುತ್ತಾರೆ. ಅಡುಗೆ ಹೋಯ್ತು, ಅಂಗಡಿ ಹೋಯ್ತು, ಹಣದ ಲೆಕ್ಕ ಹೋಯ್ತು. ಆಮೇಲೆ ಇಡೀ ದಿನ ಖಾಲಿ ಬಿದ್ದಿದೆ ಅಂತ ಗೊತ್ತಾಗುತ್ತದೆ. ಅದನ್ನು ತುಂಬಲು ಏನಾದರೂ ಹುಡುಕುತ್ತಾರೆ. ತುಂಬುವುದು ಮಾತ್ರ ಆಗುವುದಿಲ್ಲ.

ಯಾಕೆ ಆಗುವುದಿಲ್ಲ ಅನ್ನುವುದಕ್ಕೆ ಒಂದು ಹಳೆಯ ಅಧ್ಯಯನ ಹೇಳಲೇಬೇಕು. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಸ್ವತಂತ್ರವಾಗಿ ಬದುಕುತ್ತಿದ್ದ, 60 ದಾಟಿದ 361 ಜನರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಆಕ್ಯುಪೇಶನಲ್ ಥೆರಪಿಸ್ಟ್‌ಗಳು ಒಂಬತ್ತು ತಿಂಗಳು ನೆರವಾದರು. ಪ್ರತಿಯೊಬ್ಬರ ದಿನ ಹೇಗೆ ಸಾಗುತ್ತದೆ, ಅದರಲ್ಲಿ ಅವರಿಗೆ ಯಾವುದು ಮುಖ್ಯ, ಅದಕ್ಕೆ ಏನು ಅಡ್ಡ ಬರುತ್ತಿದೆ ಅಂತ ಅವರ ಜೊತೆಯಲ್ಲೇ ಕೂತು ಯೋಚಿಸಿದರು. ಎರಡನೆಯ ಗುಂಪಿಗೆ ಆಟ, ಸಿನಿಮಾ, ಓಡಾಟ, ಕೂಟ ಇತ್ತು. ಮೂರನೆಯವರಿಗೆ ಏನೂ ಇರಲಿಲ್ಲ. ಫಲಿತಾಂಶ 1997ರಲ್ಲಿ ಪ್ರಕಟವಾಯಿತು. ಮೊದಲ ಗುಂಪಿನವರ ಆರೋಗ್ಯ, ಓಡಾಟದ ಶಕ್ತಿ, ಬದುಕಿನ ಬಗೆಗಿನ ಸಮಾಧಾನ ಉಳಿದವರಿಗಿಂತ ಚೆನ್ನಾಗಿತ್ತು. ನನಗೆ ಮುಖ್ಯ ಅನ್ನಿಸುವುದು ಎರಡನೆಯ ಗುಂಪಿನ ವಿಷಯ. ಅವರು ಬೇಕಾದಷ್ಟು ಚಟುವಟಿಕೆ ಮಾಡಿದ್ದರು. ಆದರೂ ಏನೂ ಮಾಡದವರಿಗಿಂತ ಅವರಿಗೆ ಹೆಚ್ಚಿನ ಲಾಭ ಕಾಣಲಿಲ್ಲ. ಸುಮ್ನೆ ಹೊತ್ತು ಕಳೆಯುವ ಏರ್ಪಾಡಿನಿಂದ ಹಿರಿಯರಿಗೆ ಸಿಗುವುದು ಬಹಳ ಕಡಿಮೆ.

ಹಾಗಾದರೆ ಅವರಿಗೆ ಏನು ಬೇಕು? ಅವರನ್ನೇ ಕೇಳಬೇಕು, ಆದರೆ ಕೇಳುವ ರೀತಿ ಇದೆ. ‘ನಿಮಗೆ ಯಾವ ಹವ್ಯಾಸ ಇಷ್ಟ’ ಅಂತ ಕೇಳಿದರೆ ನಮ್ಮ ಕಡೆಯ ಹಿರಿಯರು, ಅದರಲ್ಲೂ ಹೆಂಗಸರು, ‘ಅಂಥದ್ದೇನಿಲ್ಲ ಕಣಮ್ಮ’ ಅಂತ ಮುಗಿಸಿಬಿಡುತ್ತಾರೆ. ಹವ್ಯಾಸಕ್ಕೆ ಅಂತ ಪ್ರತ್ಯೇಕ ಹೊತ್ತು ಅವರಿಗೆ ಯಾವತ್ತೂ ಇರಲಿಲ್ಲ. ಅದಕ್ಕೇ ನಾನು ‘ನಿನ್ನೆ ಬೆಳಗ್ಗೆ ಎದ್ದಾಗಿನಿಂದ ಏನೇನಾಯ್ತು, ಹೇಳಿ’ ಅಂತ ಕೇಳುತ್ತೇನೆ. ಆಗ ಮಾತು ಬರುತ್ತದೆ. ಮೊಮ್ಮಗಳಿಗೆ ಜಡೆ ಹಾಕಿದ್ದನ್ನು ಹೇಳುವಾಗ ದನಿ ಏರುತ್ತದೆ. ಮಧ್ಯಾಹ್ನದ ಊಟ ಆದ ಮೇಲಿನ ಮಾತು ಬಂದಾಗ ‘ಆಮೇಲೇನು, ಸುಮ್ನೆ ಬಿದ್ಕೊಂಡಿದ್ದೆ’ ಅಂತ ದನಿ ಇಳಿಯುತ್ತದೆ. ಆ ಏರಿಳಿತದಲ್ಲಿ ನಮಗೆ ಬೇಕಾದ ಮಾಹಿತಿ ಇರುತ್ತದೆ. ನೀವೂ ಒಂದು ಭಾನುವಾರ ಬಿಡುವು ಮಾಡಿಕೊಂಡು ಹೀಗೆ ಕೇಳಿ. ಮಧ್ಯದಲ್ಲಿ ‘ಅಯ್ಯೋ ಅದನ್ನೆಲ್ಲ ಯಾಕೆ ಮಾಡೋಕ್ಕೋದ್ರಿ’ ಅನ್ನಬೇಡಿ. ಪೂರ್ತಿ ಕೇಳಿಸಿಕೊಳ್ಳಿ.

ಹೀಗೆ ಕೇಳುತ್ತಾ ಹೋದಾಗ ಬೇರೆ ಬೇರೆ ಬಾಯಲ್ಲಿ ಬರುವ ಮಾತುಗಳು ಒಂದೇ ಥರ ಇರುತ್ತವೆ. ‘ಯಾರಿಗೂ ಭಾರ ಆಗಬಾರದು.’ ‘ಕೈಕಾಲು ಆಡ್ತಿರಬೇಕು.’ ‘ನಾನು ನೋಡದಿದ್ರೆ ಅಲ್ಲಿ ಯಾವುದೂ ನಡೆಯಲ್ಲ.’ ಕೊನೆಯ ಮಾತನ್ನು ಬೇಸರದಿಂದ ಹೇಳಿದ ಹಾಗೆ ಹೇಳುತ್ತಾರೆ, ಆದರೆ ಒಳಗೆ ಹೆಮ್ಮೆ ಇರುತ್ತದೆ. ಒಂದು ಕೆಲಸ ಅವರಿಗೆ ಅರ್ಥಪೂರ್ಣ ಅನ್ನಿಸಬೇಕಾದರೆ ಅದರ ಕೊನೆಯಲ್ಲಿ ಯಾರಾದರೂ ಇರಬೇಕು. ಯಾರೋ ಉಣ್ಣಬೇಕು, ಯಾರೋ ಉಡಬೇಕು, ಯಾರೋ ಕಾಯುತ್ತಿರಬೇಕು. ಕರುವೋ, ಗಿಡವೋ, ದೇವರೋ ಆದರೂ ಸರಿ. ಜೊತೆಗೆ ಅದನ್ನು ತಮ್ಮ ರೀತಿಯಲ್ಲಿ ಮಾಡಲು ಬಿಡಬೇಕು. ಪಾರ್ಕಿನ ಯೋಗದಲ್ಲಿ ನಿಮ್ಮ ಅತ್ತೆಗೆ ಇವೆರಡೂ ಸಿಗಲಿಲ್ಲ. ಅವರು ಹೋಗದಿದ್ದರೆ ಅಲ್ಲಿ ಯಾರಿಗೂ ಏನೂ ಆಗುವುದಿಲ್ಲ. ಬಾಗಿಲಿಗೆ ನೀರು ಬೀಳದಿದ್ದರೆ ಮಾತ್ರ ಅವರ ಲೆಕ್ಕದಲ್ಲಿ ಮನೆಗೆ ಬೆಳಗಾಗಿಲ್ಲ.

ನಮ್ಮ ವೈದ್ಯಕೀಯ ಪದ್ಧತಿಯಲ್ಲೂ ಈ ವಿಷಯಕ್ಕೆ ಜಾಗ ಸಿಕ್ಕಿದ್ದು ನಿಧಾನವಾಗಿ. ಹಿರಿಯರ ದಿನನಿತ್ಯದ ಶಕ್ತಿ ಅಳೆಯಲು 1969ರಲ್ಲಿ ಲಾಟನ್ ಮತ್ತು ಬ್ರಾಡಿ ಅನ್ನುವ ಇಬ್ಬರು ಒಂದು ಪಟ್ಟಿ ಮಾಡಿದರು. ಫೋನ್ ಬಳಸುವುದು, ಅಂಗಡಿಗೆ ಹೋಗುವುದು, ಅಡುಗೆ, ಮನೆಗೆಲಸ, ಬಟ್ಟೆ ಒಗೆಯುವುದು, ಓಡಾಟ, ಔಷಧಿ, ಹಣಕಾಸು, ಹೀಗೆ ಎಂಟು ವಿಷಯ. ಈಗಲೂ ಬಳಸುತ್ತೇವೆ, ಒಳ್ಳೆಯ ಪಟ್ಟಿ. ಆದರೆ ಮೊದಲಿಗೆ ಗಂಡಸರಿಗೆ ಅಂಕ ಕೊಡುವಾಗ ಅಡುಗೆ, ಮನೆಗೆಲಸ, ಬಟ್ಟೆ, ಈ ಮೂರನ್ನು ಬಿಟ್ಟುಬಿಡುತ್ತಿದ್ದರು. ಯಾರಿಗೆ ಯಾವ ಕೆಲಸ ಸೇರಿದ್ದು ಅಂತ ಪಟ್ಟಿ ಮಾಡಿದವರೇ ತೀರ್ಮಾನಿಸಿದ್ದರು. ಇನ್ನೂ ಮುಖ್ಯವಾಗಿ, ಒಬ್ಬರು ಏನು ಮಾಡಬಲ್ಲರು ಅನ್ನುವುದು ಆ ಪಟ್ಟಿಯಿಂದ ತಿಳಿಯುತ್ತದೆ. ಅವರಿಗೆ ಯಾವುದು ಬೇಕು ಅನ್ನುವುದು ತಿಳಿಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2015ರ ವರದಿಯಲ್ಲಿ ಆರೋಗ್ಯವಾಗಿ ಮುಪ್ಪಾಗುವುದು ಅಂದರೆ ಏನು ಅಂತ ಹೇಳುವಾಗ, ತಮಗೆ ಬೆಲೆಯುಳ್ಳದ್ದು ಅನ್ನಿಸಿದ್ದನ್ನು ಮಾಡುವ, ಹಾಗೆ ಬದುಕುವ ಶಕ್ತಿ ಉಳಿಸಿಕೊಳ್ಳುವುದು ಅನ್ನುವ ಅರ್ಥದಲ್ಲಿ ಬರೆಯಿತು. ಬೆಲೆ ಕಟ್ಟುವುದು ಹಿರಿಯರು. ಮಗ, ಸೊಸೆ, ಡಾಕ್ಟರು, ನನ್ನಂಥವರು ಕಟ್ಟುವುದಲ್ಲ.

ಈಗ ಹಸುವಿನ ವಿಷಯಕ್ಕೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ಅದು ಒಂದೇ ಸಾಲು. ನನಗೆ ಎಲ್ಲಕ್ಕಿಂತ ಜಾಸ್ತಿ ಕಾಡಿದ್ದು ಅದೇ.

ಮಂಡ್ಯ ಜಿಲ್ಲೆಯ ಹಳ್ಳಿಯಲ್ಲಿ ಎರಡು ಹಸು ಕಟ್ಟಿದ ಹೆಂಗಸಿನ ದಿನ ಹೇಗಿರುತ್ತದೆ ಅಂತ ನಿಮ್ಮ ಯಜಮಾನರಿಗೆ ಗೊತ್ತಿರುತ್ತದೆ. ಕತ್ತಲಿರುವಾಗಲೇ ಎದ್ದು ಸಗಣಿ ಬಾಚಿ, ಹಾಲು ಕರೆದು, ಕ್ಯಾನ್ ಹಿಡಿದು ಡೇರಿಗೆ ಹೋಗಬೇಕು. ಅಲ್ಲಿ ಸಾಲಿನಲ್ಲಿ ನಿಂತಾಗಲೇ ಊರಿನ ಸುದ್ದಿ ಎಲ್ಲ ತಿಳಿಯುತ್ತದೆ. ಹಾಲು ಅಳೆಸಿ, ಡಿಗ್ರಿ ನೋಡಿಸಿ, ಬರೆಸಿಕೊಂಡು ಬರಬೇಕು. ಹಗಲು ಮೇವು, ಬೂಸಾ, ನೀರು. ಸಾಯಂಕಾಲ ಮತ್ತೆ ಡೇರಿ. ಬಟವಾಡೆ ಬಂದ ದಿನ ಕೈಗೆ ಸ್ವಂತ ದುಡ್ಡು. ಆ ದುಡ್ಡಿನಲ್ಲಿ ಮಗಳಿಗೆ ಸೀರೆ, ಮೊಮ್ಮಕ್ಕಳಿಗೆ ಹಬ್ಬದ ಬಟ್ಟೆ, ಸಂಘದ ಕಂತು. ಎಷ್ಟೋ ಮನೆಗಳಲ್ಲಿ ಹೆಂಗಸಿಗೆ ಬೇರೆಯವರನ್ನು ಕೇಳದೆ ಖರ್ಚು ಮಾಡಲು ಇದ್ದ ಹಣ ಅದೊಂದೇ. ಸಂಕ್ರಾಂತಿ ಬಂದರೆ ಹಸುವಿನ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಸಾಯಂಕಾಲ ಕಿಚ್ಚು ಹಾಯಿಸುತ್ತಾರೆ. ಮೈ ತುಂಬಾ ಕೆಲಸ ಇತ್ತು, ನಿಜ. ಅದರ ಜೊತೆ ಗೆಳತಿಯರು, ಆದಾಯ, ಹೆಸರು, ಹಬ್ಬ ಎಲ್ಲ ಇತ್ತು. ನೀವು ಹಸುಗಳನ್ನು ಕೊಟ್ಟುಬಂದಾಗ ಇವೆಲ್ಲವೂ ಅಲ್ಲೇ ಉಳಿದವು. ದಿನಾ ಸಾಯಂಕಾಲ ಅವರು ಫೋನ್ ಮಾಡುವುದು ಡೇರಿಯ ಹೊತ್ತಿಗೇ ಅಲ್ವಾ? ಗಮನಿಸಿ ನೋಡಿ.

ಹಸುವನ್ನು ಕುವೆಂಪುನಗರಕ್ಕೆ ತರಲು ಆಗುವುದಿಲ್ಲ. ಆದರೆ ಆ ಫೋನ್ ಕರೆಯನ್ನು ಹಗುರವಾಗಿ ನೋಡಬೇಡಿ, ಚಿಕ್ಕಮಾವನ ಮನೆಯವರಿಗೂ ಒಂದು ಮಾತು ಹೇಳಿ. ಕರು ಹಾಕುವ ಸಮಯ, ಹಸು ಮೇವು ಬಿಟ್ಟ ದಿನ, ಮಾರಬೇಕೋ ಬೇಡವೋ ಅನ್ನುವ ಮಾತು ಬಂದಾಗ ಅವರನ್ನು ಕೇಳಲಿ. ಒಂದು ಹಸುವಾದರೂ ಅವರ ಹೆಸರಲ್ಲಿ ಉಳಿದು, ಅದರ ಹಾಲಿನ ದುಡ್ಡಿನಲ್ಲಿ ಒಂದು ಪಾಲು ಅವರ ಖಾತೆಗೆ ಬರುವ ಹಾಗೆ ಮಾತಾಡಿಕೊಂಡರೆ ಇನ್ನೂ ಒಳ್ಳೆಯದು. ನೀವು ತಿಂಗಳಿಗೆ ಕೈಗೆ ಕೊಡುವ ಖರ್ಚಿನ ದುಡ್ಡು ಅದಕ್ಕಿಂತ ಜಾಸ್ತಿಯೇ ಇರಬಹುದು. ಆದರೂ ಆ ಪಾಲಿಗೆ ಇರುವ ಬೆಲೆ ಅದಕ್ಕೆ ಬರುವುದಿಲ್ಲ.

ಊರಿಗೆ ಹೋಗಿ ಬರುವುದನ್ನೂ ಅವರ ದಿನಚರಿಯ ಭಾಗ ಮಾಡಿ. ಪಾಂಡವಪುರ ದೂರವೇನಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ನಮ್ಮ ರಾಜ್ಯದ ಹೆಂಗಸರಿಗೆ ಸಾಮಾನ್ಯ ಸಾರಿಗೆ ಬಸ್ಸು ಉಚಿತ. ಇದರಿಂದ ಟಿಕೆಟ್ ದುಡ್ಡು ಉಳಿಯಿತು ಅನ್ನುವುದಕ್ಕಿಂತ, ‘ಬಸ್ ಚಾರ್ಜು ಕೊಡಪ್ಪ’ ಅಂತ ಮಗನನ್ನು ಕೇಳುವ ಪರಿಸ್ಥಿತಿ ತಪ್ಪಿತು ಅನ್ನುವುದು ದೊಡ್ಡದು ಅಂತ ನನಗನ್ನಿಸುತ್ತದೆ. ನನ್ನ ಬಳಿ ಬರುವ ಅಜ್ಜಿಯರು ನಂಜನಗೂಡಿಗೆ, ಮೇಲುಕೋಟೆಗೆ, ತವರಿಗೆ ತಾವೇ ಹೋಗಿ ಬಂದದ್ದನ್ನು ಎಷ್ಟು ಖುಷಿಯಿಂದ ಹೇಳುತ್ತಾರೆ ಗೊತ್ತಾ! ಅತ್ತೆಗೆ ಮಂಡಿ ನೋವಿರುವುದರಿಂದ ಬಸ್ಸಿನ ಮೆಟ್ಟಿಲು ಕಷ್ಟ. ಜನ ಕಡಿಮೆ ಇರುವ ಹೊತ್ತು ನೋಡಿ ಹತ್ತಿಸಿ, ಆ ಕಡೆ ಯಾರಾದರೂ ಇಳಿಸಿಕೊಳ್ಳಲಿ. ಮೊದಲ ಒಂದೆರಡು ಸಲ ಜೊತೆಯಲ್ಲಿ ಹೋಗಿ.

ಮನೆಯ ಕೆಲಸಗಳಿಗೆ ಬರೋಣ. ಇಲ್ಲಿ ನಾನು ಪಾಲಿಸುವ ನಿಯಮ ಇಷ್ಟೇ: ಕೆಲಸವನ್ನು ಅವರ ಕೈಯಲ್ಲೇ ಬಿಟ್ಟು, ಅದರಲ್ಲಿರುವ ಶ್ರಮವನ್ನು ಮಾತ್ರ ತೆಗೆಯಬೇಕು. ಮುಪ್ಪಿನ ಮನಶ್ಶಾಸ್ತ್ರದಲ್ಲಿ ಇದಕ್ಕೆ ಆಗಾಗ ಕೊಡುವ ಉದಾಹರಣೆ ಪಿಯಾನೊ ವಾದಕ ಆರ್ಥರ್ ರೂಬಿನ್‌ಸ್ಟೈನ್ ಅವರದು. ವಯಸ್ಸು 80 ಆದರೂ ಅವರು ಕಛೇರಿ ಕೊಡುತ್ತಿದ್ದರು. ಹೇಗೆ ಅಂತ ಕೇಳಿದ್ದಕ್ಕೆ ಅವರು ಹೇಳಿದ್ದು ಮೂರು ವಿಷಯ. ನುಡಿಸುವ ಕೃತಿಗಳನ್ನು ಕಡಿಮೆ ಮಾಡಿಕೊಂಡಿದ್ದರು. ಅವನ್ನೇ ಜಾಸ್ತಿ ಅಭ್ಯಾಸ ಮಾಡುತ್ತಿದ್ದರು. ವೇಗದ ಭಾಗ ಬರುವ ಮೊದಲು ಬೇಕೆಂದೇ ನಿಧಾನ ಮಾಡುತ್ತಿದ್ದರು, ಆಗ ಮುಂದಿನದು ವೇಗವಾಗಿ ಕೇಳಿಸುತ್ತಿತ್ತು. ನುಡಿಸುವುದನ್ನಂತೂ ನಿಲ್ಲಿಸಲಿಲ್ಲ.

ರಂಗೋಲಿಯನ್ನು ಹೀಗೇ ನೋಡಿ. ಮಂಡಿ ಸವೆದವರಿಗೆ ಕುಕ್ಕರುಗಾಲಲ್ಲಿ ಕೂರುವುದು, ಬಗ್ಗಿ ಮತ್ತೆ ಏಳುವುದು ತೊಂದರೆ. ಅದಕ್ಕೆ ವಾರದ ದಿನಗಳಲ್ಲಿ ತುಳಸಿ ಕಟ್ಟೆಯ ಮೇಲೋ, ಎತ್ತರದ ಮೆಟ್ಟಿಲಿನ ಮೇಲೋ ಒಂದು ಚಿಕ್ಕ ಎಳೆ ಸಾಕು. ಮುಂದೆ ಒಂದು ಗಟ್ಟಿ ಸ್ಟೂಲ್ ಇಟ್ಟುಕೊಂಡು ಕೂತೇ ಬಿಡಬಹುದು. ಶುಕ್ರವಾರ, ಹಬ್ಬದ ದಿನ ದೊಡ್ಡದು ಬೇಕೆಂದರೆ ಚುಕ್ಕಿ ಲೆಕ್ಕ ಅವರು ಹೇಳಲಿ, ನೆಲಕ್ಕೆ ಕೂತು ಎಳೆಯುವವರು ನೀವೋ ಮಕ್ಕಳೋ ಆಗಿ. ನನಗೆ ರಂಗೋಲಿಗಿಂತ ಹೆದರಿಕೆ ಇರುವುದು ನೀರಿನದು. ಬೆಳಗಿನ ಐದೂವರೆಗೆ ಬೆಳಕು ಸಾಲದು. ಹಾಕಿದ ನೀರಿನ ಮೇಲೆ ಅವರೇ ಕಾಲಿಟ್ಟು ಜಾರುತ್ತಾರೆ. ಬಾಗಿಲ ಬಳಿ ಒಂದು ಒಳ್ಳೆಯ ಬಲ್ಬ್, ಮೆಟ್ಟಿಲಿಗೆ ಹಿಡಿಕೆ, ಜಾರದ ಚಪ್ಪಲಿ, ತುಂಬಿದ ಬಕೆಟ್ಟಿನ ಬದಲು ಚಿಕ್ಕ ಚೊಂಬು. ಇಷ್ಟು ಈ ವಾರವೇ ಮಾಡಿಬಿಡಿ. ಬಚ್ಚಲಿಗೂ ಹಿಡಿಕೆ ಹಾಕಿಸಿ. ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ ಹಾಸಿಗೆಯಿಂದ ಸರಕ್ಕನೆ ಎದ್ದರೆ ತಲೆ ತಿರುಗಬಹುದು. ಎದ್ದು ಒಂದೆರಡು ನಿಮಿಷ ಹಾಸಿಗೆಯ ಅಂಚಿನಲ್ಲಿ ಕೂತು ಆಮೇಲೆ ನಡೆಯಲಿ.

ಸೊಪ್ಪು ಬಿಡಿಸಲು ಒಂದು ಗಂಟೆ ಹಿಡಿದರೆ ಹಿಡಿಯಲಿ. ಬೇಗ ಮುಗಿಸಿ ಅವರು ಎಲ್ಲಿಗೆ ಹೋಗಬೇಕು? ಬೆರಳಿಗೆ, ಕಣ್ಣಿಗೆ, ಗಮನಕ್ಕೆ ಅದು ಒಳ್ಳೆಯ ಕೆಲಸ. ಹುಳು ಹಿಡಿದದ್ದು, ಬಲಿತದ್ದು, ಎಳೆಯದು ಅಂತ ಒಂದೊಂದು ಎಲೆಯನ್ನೂ ನೋಡಿ ಬೇರೆ ಮಾಡಬೇಕು. ಅವರೆಕಾಯಿ ಕಾಲದಲ್ಲಿ ಹಿತಕಿದ ಬೇಳೆ ಮಾಡುವುದೂ ಅಷ್ಟೇ, ನಾಲ್ಕು ಜನ ಸುತ್ತ ಕೂತು ಮಾತಾಡುತ್ತಾ ಮಾಡುವ ಕೆಲಸ. ನೆಲದ ಬದಲು ಮೇಜಿನ ಮುಂದೆ ಕುರ್ಚಿ ಹಾಕಿಕೊಡಿ. ಈಳಿಗೆ ಮಣೆಯೇ ಬೇಕು ಅಂದರೆ ಅದನ್ನು ಅಲುಗಾಡದಂತೆ ಮೇಜಿಗೆ ಬಿಗಿಯಬಹುದು, ಬಡಗಿ ಮಾಡಿಕೊಡುತ್ತಾರೆ. ಇನ್ನೊಂದು ಮಾತು. ಸೊಪ್ಪು ಬಿಡಿಸುವವರೇ ಸೊಪ್ಪು ಕೊಳ್ಳಲಿ. ಬೆಳಗ್ಗೆ ಗಾಡಿ ಬಂದಾಗ ಚೌಕಾಸಿ ಮಾಡಿ, ಕಟ್ಟು ಆರಿಸಿ, ಚಿಲ್ಲರೆ ಎಣಿಸಿ ತೆಗೆದುಕೊಳ್ಳುವ ಕೆಲಸ ಪೂರ್ತಿ ಅವರದಾಗಲಿ. ಇವತ್ತು ಬಸ್ಸಾರೋ ಉಪ್ಸಾರೋ ಅನ್ನುವ ತೀರ್ಮಾನವೂ ಅವರದೇ ಇರಲಿ.

ಪಾತ್ರೆಯದು ಸ್ವಲ್ಪ ಸೂಕ್ಷ್ಮ. ಕೆಲಸದಾಕೆ ತೊಳೆದದ್ದನ್ನು ಮತ್ತೆ ತೊಳೆದರೆ ಆಕೆಗೂ ಅವಮಾನ, ನಿಮಗೂ ಮುಜುಗರ. ಆದರೆ ಅತ್ತೆಯ ಕಡೆಯಿಂದ ನೋಡಿ. ಐವತ್ತು ವರ್ಷ ಒಂದು ಅಡುಗೆಮನೆ ನಡೆಸಿದವರು. ಈಗ ಆ ಅಡುಗೆಮನೆಯಲ್ಲಿ ಯಾವ ಡಬ್ಬಿ ಎಲ್ಲಿದೆ ಅನ್ನುವುದೂ ಅವರ ತೀರ್ಮಾನದಲ್ಲಿಲ್ಲ. ಸಾರಿನ ರುಚಿ ಅವರ ಕೈಯಲ್ಲಿಲ್ಲ. ಉಳಿದದ್ದು ಪಾತ್ರೆಯ ಚೊಕ್ಕಟತನ, ಅದನ್ನು ಹಿಡಿದುಕೊಂಡಿದ್ದಾರೆ. ಅವರಿಗೆ ಪೂರ್ತಿಯಾಗಿ ಸೇರಿದ ಒಂದು ಭಾಗ ಬಿಟ್ಟುಕೊಡಿ. ದೇವರ ಮನೆಯ ಹಿತ್ತಾಳೆ ಸಾಮಾನು ಹುಣಸೆಹಣ್ಣು ಹಾಕಿ ಬೆಳಗುವುದು, ವಾರಕ್ಕೆರಡು ದಿನದ ಸಾರು, ಬೇಸಗೆಯ ಹಪ್ಪಳ ಸಂಡಿಗೆ, ಯಾವುದಾದರೂ ಸರಿ. ಆ ಭಾಗದಲ್ಲಿ ನೀವು, ಅಡುಗೆಯವರು, ಯಾರೂ ಕೈ ಹಾಕಬಾರದು. ಉಪ್ಪು ಒಂದು ಹರಳು ಜಾಸ್ತಿಯಾದರೂ ಸುಮ್ಮನೆ ಉಣ್ಣಿ. ಬಿಪಿ ಇರುವುದರಿಂದ ಉಪ್ಪಿನ ಮಾತು ಬೇರೆಯಾಗಿ, ಡಾಕ್ಟರ ಬಾಯಿಂದ ಹೇಳಿಸಿ.

ಬೀಜದ ಡಬ್ಬಿಗಳನ್ನು ನೋಡಿ ನನಗೆ 1976ರ ಒಂದು ಚಿಕ್ಕ ಅಧ್ಯಯನ ನೆನಪಾಯಿತು. ಅಮೆರಿಕದ ಕನೆಕ್ಟಿಕಟ್‌ನ ಒಂದು ವೃದ್ಧಾಶ್ರಮದಲ್ಲಿ ಎಲೆನ್ ಲ್ಯಾಂಗರ್ ಮತ್ತು ಜುಡಿತ್ ರೋಡಿನ್ ಅನ್ನುವ ಮನಶ್ಶಾಸ್ತ್ರಜ್ಞೆಯರು ಮಾಡಿದ್ದು. ಎರಡೂ ಗುಂಪಿನ ಹಿರಿಯರಿಗೆ ಕುಂಡದ ಗಿಡ ಕೊಟ್ಟರು. ಒಂದು ಗುಂಪಿಗೆ ‘ಇದನ್ನು ನೀವೇ ನೋಡಿಕೊಳ್ಳಬೇಕು’ ಅಂದರು, ಇತರ ವಿಷಯಗಳಲ್ಲೂ ಆಯ್ಕೆ ನಿಮ್ಮದೇ ಅಂತ ಹೇಳಿದರು. ಇನ್ನೊಂದು ಗುಂಪಿಗೆ ‘ಗಿಡಕ್ಕೆ ನೀರು ದಾದಿಯರು ಹಾಕುತ್ತಾರೆ’ ಅಂದರು. ಕೆಲವೇ ವಾರಗಳಲ್ಲಿ ಮೊದಲ ಗುಂಪಿನವರು ಹೆಚ್ಚು ಚುರುಕಾದರು, ಹೆಚ್ಚು ಓಡಾಡಿದರು, ಮನಸ್ಸೂ ಗೆಲುವಾಗಿತ್ತು. ಅಧ್ಯಯನ ಚಿಕ್ಕದು, ಅದರ ಮೇಲೆ ತುಂಬಾ ಭಾರ ಹೊರಿಸಬಾರದು. ಆದರೂ ಗಿಡ ಎರಡೂ ಗುಂಪಿಗೆ ಇತ್ತು, ಹೊಣೆ ಒಂದಕ್ಕೇ ಇತ್ತು ಅನ್ನುವುದನ್ನು ನಾನು ಮರೆಯುವುದಿಲ್ಲ.

ನಿಮ್ಮ ಅತ್ತೆ ಡಬ್ಬಿಯಲ್ಲಿಟ್ಟಿರುವುದು ಬರೀ ಸಂಗ್ರಹ ಅಂದುಕೊಳ್ಳಬೇಡಿ. ಬಿತ್ತಬೇಕು ಅಂತಲೇ ಇಟ್ಟಿರುತ್ತಾರೆ. ತಾರಸಿ ಇದ್ದರೆ ನಾಲ್ಕು ಚೀಲ ಮಣ್ಣು, ಸೊಂಟದೆತ್ತರಕ್ಕೆ ಒಂದು ಕಟ್ಟೆ ಅಥವಾ ಕಬ್ಬಿಣದ ಸ್ಟ್ಯಾಂಡ್ ಮಾಡಿಸಿಕೊಡಿ. ಮೆಟ್ಟಿಲು ಹತ್ತಲು ಆಗದಿದ್ದರೆ ಕಾಂಪೌಂಡ್ ಒಳಗೇ ಆಗಲಿ. ಏನು ಬಿತ್ತಬೇಕು ಅಂತ ನೀವು ಯೂಟ್ಯೂಬ್ ನೋಡಿ ಹೇಳಬೇಡಿ. ಅವರನ್ನು ಕೇಳಿ ಕಲಿಯಿರಿ. ಹರಿವೆ, ದಂಟು ತಿಂಗಳೊಳಗೆ ಸಾರಿಗೆ ಬರುತ್ತವೆ. ಆ ದಿನ ‘ಇದು ನಮ್ಮತ್ತೆ ಬೆಳೆದ ಸೊಪ್ಪು’ ಅಂತ ಪಕ್ಕದ ಮನೆಗೂ ಒಂದು ಕಟ್ಟು ಅವರ ಕೈಯಲ್ಲೇ ಕೊಡಿಸಿ. ಹೊಸ ಬಡಾವಣೆಯಲ್ಲಿ ಅವರಿಗೆ ಸ್ನೇಹ ಬೆಳೆಯುವುದು ಹೀಗೇ. ಬರಿಗೈಯಲ್ಲಿ ಹೋಗಿ ಪರಿಚಯ ಮಾಡಿಕೊಳ್ಳುವುದು ಆ ತಲೆಮಾರಿನ ಹೆಂಗಸರಿಗೆ ಬಹಳ ಸಂಕೋಚ.

ಹಿರಿಯರು ಯಾವಾಗಲೂ ಏನಾದರೂ ಮಾಡುತ್ತಲೇ ಇರಬೇಕು ಅಂತ ನಾನು ಹೇಳುತ್ತಿಲ್ಲ. ಬಾಗಿಲಲ್ಲಿ ಕೂತು ಬೀದಿ ನೋಡುವುದೂ ಅವರಿಗೆ ಒಂದು ಕೆಲಸ. ಊರಲ್ಲಿ ಜಗಲಿ ಇತ್ತು. ಯಾರು ಹೋದರು, ಯಾರು ಬಂದರು, ಯಾರ ಮನೆಗೆ ನೆಂಟರು ಅಂತ ತಿಳಿಯುತ್ತಿತ್ತು. ಮಾತಿಲ್ಲದೆ ಕೂತಿದ್ದರೂ ಊರಿನ ಜೊತೆ ಇದ್ದ ಹಾಗೆ. ನಗರದ ಮನೆಗೆ ಎತ್ತರದ ಕಾಂಪೌಂಡು, ಮುಚ್ಚಿದ ಗೇಟು. ಗೇಟಿನ ಒಳಗೆ ನೆರಳಲ್ಲಿ ಕೈಯಿರುವ ಒಂದು ಕುರ್ಚಿ ಹಾಕಿ, ಬೀದಿ ಕಾಣುವ ಹಾಗೆ. ಜಪ ಮಾಡುತ್ತಾ ಅರ್ಧ ಗಂಟೆ ಕಣ್ಣು ಮುಚ್ಚಿ ಕೂತರೆ ‘ಏನ್ ಯೋಚನೆ ಮಾಡ್ತಿದೀರಾ’ ಅಂತ ಎಬ್ಬಿಸಬೇಡಿ. ಮಾವನನ್ನು ನೆನೆಸಿಕೊಂಡು ಒಂದಷ್ಟು ಹೊತ್ತು ಸುಮ್ಮನಿರುವುದು ಕೂಡ ಅವರಿಗೆ ಬೇಕಾಗಿರುತ್ತದೆ.

ಇಲ್ಲೊಂದು ಎಚ್ಚರಿಕೆ ಹೇಳದೆ ಹೋದರೆ ತಪ್ಪಾಗುತ್ತದೆ. ‘ಹಿರಿಯರಿಗೆ ಕೆಲಸ ಬೇಕು’ ಅನ್ನುವ ಮಾತನ್ನೇ ಹಿಡಿದುಕೊಂಡು ಮನೆಯ ಭಾರವನ್ನೆಲ್ಲ ಅವರ ಮೇಲೆ ಹಾಕುವವರನ್ನೂ ನೋಡಿದ್ದೇನೆ. ಬೆಳಗ್ಗೆಯಿಂದ ರಾತ್ರಿವರೆಗೆ ಎರಡು ವರ್ಷದ ಮಗುವನ್ನು ಎಪ್ಪತ್ತು ದಾಟಿದ ಅಜ್ಜಿಯ ಕೈಗೆ ಕೊಟ್ಟು ‘ಅವರಿಗೂ ಹೊತ್ತು ಹೋಗುತ್ತೆ’ ಅನ್ನುವುದು ಅನ್ಯಾಯ. ‘ಇವತ್ತು ಆಗಲ್ಲ ಕಣೋ’ ಅನ್ನುವ ಸ್ವಾತಂತ್ರ್ಯ ಇದ್ದರೆ ಮೊಮ್ಮಕ್ಕಳನ್ನು ನೋಡಿಕೊಳ್ಳುವುದು ಸಂತೋಷ. ಅದಿಲ್ಲದಿದ್ದರೆ ಅದು ಸಂಬಳವಿಲ್ಲದ ದುಡಿಮೆ. ಎಲ್ಲ ಹೆಂಗಸರಿಗೂ ಅಡುಗೆಮನೆ ಪ್ರೀತಿ ಅಂತಲೂ ಅಂದುಕೊಳ್ಳಬಾರದು. ಜೀವಮಾನವಿಡೀ ಬೇರೆಯವರ ಗದ್ದೆಯಲ್ಲಿ ನಾಟಿ ಹಾಕಿ, ಕಳೆ ಕಿತ್ತು, ಕಬ್ಬು ಕಡಿದು ಬಂದ ತಾಯಂದಿರಿದ್ದಾರೆ. ಅವರಲ್ಲಿ ಕೆಲವರಿಗೆ ಯಾರ ಕೂಗಿಗೂ ಏಳದೆ ಮಲಗುವ ಮಧ್ಯಾಹ್ನವೇ ದೊಡ್ಡ ಸಂಪಾದನೆ. ಅವರ ಕೈಗೆ ಸೊಪ್ಪಿನ ಕಟ್ಟು ಕೊಡಲು ಹೋಗಬೇಡಿ. ಒಬ್ಬರಿಗೆ ಒಪ್ಪಿದ್ದು ಇನ್ನೊಬ್ಬರಿಗೆ ಒಪ್ಪುವುದಿಲ್ಲ, ಅದಕ್ಕೇ ಕೇಳಿ ತಿಳಿಯಬೇಕು ಅಂದಿದ್ದು.

ಗಂಡಸರ ಕತೆ ಬೇರೆ. ಅವರಿಗೆ ಕೆಲಸ ಕೈತಪ್ಪುವುದು ಒಂದೇ ದಿನ, ನಿವೃತ್ತಿಯ ದಿನ. ಮರುದಿನದಿಂದ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡಿಗೆ, ಪೇಪರು, ಬ್ಯಾಂಕು. ಮನೆಯೊಳಗೆ ಅವರ ಪಾಲಿನ ಕೆಲಸ ಯಾವುದೂ ಇರುವುದಿಲ್ಲ. ಅದನ್ನು ಇನ್ನೊಮ್ಮೆ ಬರೆಯುತ್ತೇನೆ.

ಕೊನೆಗೆ, ಅತ್ತೆ ಹೇಳಿದ ಆ ಮಾತು. ‘ನಾನಿಲ್ಲಿ ಯಾಕಿದೀನಿ ಅಂತ್ಲೇ ಗೊತ್ತಾಗ್ತಿಲ್ಲ.’ ಇದನ್ನು ಬರೀ ಬೇಸರದ ಮಾತು ಅಂತ ಬಿಡಬೇಡಿ. ಗಂಡ, ಮನೆ, ಊರು, ಹಸು ಎಲ್ಲವನ್ನೂ ಹತ್ತಿರ ಹತ್ತಿರದಲ್ಲೇ ಕಳೆದುಕೊಂಡವರು. ಮೊದಲು ನಿಮ್ಮ ಯಜಮಾನರು ಒಬ್ಬರೇ ಅವರ ಪಕ್ಕ ಕೂತು ಮಾತಾಡಲಿ. ಮಗನ ಹತ್ತಿರ ಆಡುವ ಮಾತು ಬೇರೆ ಇರುತ್ತದೆ. ಹಿರಿಯರ ಖಿನ್ನತೆ ಪತ್ತೆ ಮಾಡಲು ನಾವು ಬಳಸುವ ಪ್ರಶ್ನೆಪಟ್ಟಿಯಲ್ಲಿ ಶುರುವಿನಲ್ಲೇ ಬರುವ ಒಂದು ಪ್ರಶ್ನೆ, ಮೊದಲಿದ್ದ ಕೆಲಸ, ಆಸಕ್ತಿಗಳನ್ನು ಬಿಟ್ಟುಬಿಟ್ಟಿದ್ದೀರಾ ಅನ್ನುವುದು. ನಿಮ್ಮ ಅತ್ತೆ ಬಿಟ್ಟಿಲ್ಲ, ಹಟ ಹಿಡಿದು ಮಾಡುತ್ತಿದ್ದಾರೆ. ಅದು ಒಳ್ಳೆಯ ಸೂಚನೆ. ಆದರೆ ರಂಗೋಲಿ ಬಿಡುವುದು ನಿಂತರೆ, ಊರಿಗೆ ಫೋನ್ ಮಾಡುವುದು ನಿಂತರೆ, ಊಟ ನಿದ್ದೆ ಎರಡು ವಾರಕ್ಕಿಂತ ಜಾಸ್ತಿ ಕೆಟ್ಟರೆ, ಅಥವಾ ‘ಬದುಕಿದ್ದು ಏನು ಪ್ರಯೋಜನ’ ಅನ್ನುವ ಮಾತು ಬಂದರೆ ತಡಮಾಡದೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಖಿನ್ನತೆಗೆ ಈ ವಯಸ್ಸಿನಲ್ಲೂ ಚಿಕಿತ್ಸೆ ಇದೆ, ಗುಣ ಕಾಣುತ್ತದೆ. ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲೇ ಮಾತಾಡಬಹುದು. ಹಿರಿಯರಿಗೆ ಸಂಬಂಧಿಸಿದ ಇತರ ವಿಷಯಗಳಿಗೆ ಎಲ್ಡರ್‌ಲೈನ್ 14567 ಇದೆ.

ಪಾತ್ರೆ ಮತ್ತೆ ತೊಳೆಯುವುದರಲ್ಲಿ ಒಂದನ್ನು ಪರೀಕ್ಷಿಸಿ ನೋಡಿ. ಅದು ಕೆಲಸದಾಕೆ ತೊಳೆದದ್ದು ಅಂತ ಗೊತ್ತಿದ್ದೂ ‘ಚೊಕ್ಕಟವಾಗಿಲ್ಲ’ ಅಂತ ತೊಳೆಯುತ್ತಿದ್ದರೆ ಅದು ಅವರ ಪದ್ಧತಿ. ತಾವೇ ತೊಳೆದದ್ದನ್ನು ಮರೆತು ಮತ್ತೆ ತೊಳೆಯುತ್ತಿದ್ದರೆ, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಿದ್ದರೆ, ಗೊತ್ತಿರುವ ದಾರಿಯಲ್ಲೇ ತಡವರಿಸುತ್ತಿದ್ದರೆ ಮರೆವಿನ ತಪಾಸಣೆ ಆಗಬೇಕು. ಬಿ12, ಥೈರಾಯ್ಡ್, ರಕ್ತಹೀನತೆಗೂ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ. ಕಣ್ಣಿನ ಪೊರೆ ಬಂದಿದೆಯಾ ಅಂತ ನೋಡಿಸಿ.

ಕಿವಿಯನ್ನೂ ಮರೆಯಬೇಡಿ. ಹಿರಿಯರು ಟಿವಿ ಬಿಡುವುದಕ್ಕೆ, ತರಗತಿ ಬಿಡುವುದಕ್ಕೆ, ಹತ್ತು ಜನರ ಮಧ್ಯೆ ಸುಮ್ಮನಾಗುವುದಕ್ಕೆ ಎಷ್ಟೋ ಸಲ ಕಾರಣ ಕೇಳಿಸದಿರುವುದು. ಪಾರ್ಕಿನ ಗದ್ದಲದಲ್ಲಿ ಯೋಗ ಹೇಳಿಕೊಡುವವರ ಮಾತು ಅವರಿಗೆ ಕೇಳಿಸುತ್ತಿತ್ತಾ ಅಂತ ಕೇಳಿ ನೋಡಿ. ನಮ್ಮ ಮೈಸೂರಿನ ಮಾನಸಗಂಗೋತ್ರಿಯಲ್ಲೇ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಶ್ರವಣ ಪರೀಕ್ಷೆ, ಶ್ರವಣ ಸಾಧನ ಎರಡೂ ಅಲ್ಲಿ ಸಿಗುತ್ತವೆ. ಒಂದು ಬೆಳಗ್ಗೆ ಪೂರ್ತಿ ಬಿಡುವು ಮಾಡಿಕೊಂಡು ಹೋಗಿ. ಪರೀಕ್ಷೆ ಮಾಡುವವರು ಏನಾದರೂ ಕೇಳಿದರೆ ನೀವು ಉತ್ತರ ಹೇಳಬೇಡಿ. ಅತ್ತೆಯೇ ಹೇಳಲಿ.